ಪುಕ್ಕಟೆ ಟೋಲಿಗೆ ನಡುರಾತ್ರಿ ಮುಹೂರ್ತ

ಚೀನಾದ ಹೆದ್ದಾರಿಗಳಲ್ಲಿ ವರ್ಷಕ್ಕೆ ನಾಲ್ಕು ಸಲ ಟೋಲ್ ಮಾಫಿ: ವಸಂತ ಹಬ್ಬ, ಹಿರಿಯರ ಸಮಾಧಿಗೆ ಹೋಗುವ ಛಿಂಗ್‌ಮಿಂಗ್, ಮೇ ದಿನ, ಮತ್ತೆ ಅಕ್ಟೋಬರ್ 1ರ ರಾಷ್ಟ್ರೀಯ ದಿನ. 2012ರ ಸೆಪ್ಟೆಂಬರ್ 30ರಂದು ಶುರುವಾದ ಔದಾರ್ಯ ಇದು. ರಸ್ತೆಯಲ್ಲಿ ಎಳ್ಳು ಚೆಲ್ಲಿದರೂ ನೆಲಕ್ಕೆ ಬೀಳದ ದಿನಗಳನ್ನೇ ಆರಿಸಿ ಗೇಟು ತೆರೆದಿದ್ದಾರೆ. ರಸ್ತೆ ಬಿಕೋ ಎನ್ನುವ ಮಾಮೂಲಿ ಮಂಗಳವಾರ ಮಾತ್ರ ಕಾಸಿಗೆ ಕಾಸು ವಸೂಲಿ.

ಪುಕ್ಕಟೆ ಯಾರಿಗೆ? ನೋಂದಣಿಯಲ್ಲಿ ಏಳು ಅಥವಾ ಅದಕ್ಕಿಂತ ಕಡಿಮೆ ಸೀಟಿರುವ ಪ್ರಯಾಣಿಕ ಗಾಡಿಗೆ. ಲೆಕ್ಕ ಸೀಟಿನದು, ತಲೆಯದಲ್ಲ. ಏಳು ಸೀಟಿನ ಕಾರಿನಲ್ಲಿ ಮಹಾಶಯರು ಒಬ್ಬರೇ ಕಾಲು ಚಾಚಿಕೊಂಡು ಹೊರಟರೆ ಬಿಲ್ಲು ಸೊನ್ನೆ. ನಲವತ್ತು ಜನರನ್ನು ತುಂಬಿಕೊಂಡು ಹತ್ತಾರು ಕಾರುಗಳ ಜಾಗ ಉಳಿಸಿದ ಬಸ್ಸಿಗೆ ಪೂರ್ತಿ ಬಿಲ್ಲು. ಉಪಕಾರಕ್ಕೆ ತಕ್ಕ ಬಹುಮಾನ!

ಇನ್ನು ಗಡಿಯಾರ. ನೀವು ಯಾವಾಗ ಹೆದ್ದಾರಿ ಹತ್ತಿದಿರಿ ಎಂದು ಯಾರೂ ಕೇಳುವುದಿಲ್ಲ. ಇಳಿಯುವ ಟೋಲ್ ಗೇಟು ದಾಟಿದ ಗಳಿಗೆಯೇ ಗಳಿಗೆ. ಹಬ್ಬದ ಹಿಂದಿನ ಸಂಜೆ ಹೊರಟು ರಾತ್ರಿ ಹನ್ನೆರಡು ಹೊಡೆದ ಮೇಲೆ ಇಳಿದರೆ ಇಡೀ ದಾರಿ ಪುಕ್ಕಟೆ. ಹನ್ನೊಂದೂವರೆಗೇ ತಲುಪಿದ ಚುರುಕು ಚಾಲಕ ಏನು ಮಾಡಬೇಕು? ಕಾಯಬೇಕು. ಸರ್ವಿಸ್ ಏರಿಯಾ ತುಂಬಿರುತ್ತದೆ, ಹಾಗಾಗಿ ಪಕ್ಕದ ತುರ್ತು ಪಥದಲ್ಲಿ ಪಾರ್ಕಿಂಗ್ ದೀಪ ಹಾಕಿಕೊಂಡು ಧ್ಯಾನ. ಕಾರಿಗೆ ಟೋಲ್ ಕಿಲೋಮೀಟರಿಗೆ ಅರ್ಧ ಯುವಾನ್ ಆಸುಪಾಸು. ಮುನ್ನೂರು ಕಿಲೋಮೀಟರಿಗೆ ಉಳಿತಾಯ ಸುಮಾರು 150 ಯುವಾನ್. ಹೆದ್ದಾರಿಯಲ್ಲಿ ಹೀಗೆ ನಿಂತಿದ್ದಕ್ಕೆ ದಂಡ 200, ಜೊತೆಗೆ ಲೈಸೆನ್ಸಿನ ಹನ್ನೆರಡು ಅಂಕಗಳಲ್ಲಿ ಒಂಬತ್ತು ಖೋತಾ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವವರಿಗೆ ಈ ಕಳೆಯುವ ಲೆಕ್ಕ ಹತ್ತುವುದಿಲ್ಲ.

ಕೊನೆಯ ರಾತ್ರಿ ಇದೇ ನಾಟಕ ತಿರುವುಮುರುವು. ಗೇಟಿಗೆ ನೂರು ಮೀಟರ್ ಇರುವಾಗ ಹನ್ನೆರಡು ಹೊಡೆಯಿತೋ, ಬೆಳಗ್ಗೆಯಿಂದ ಓಡಿಸಿದ ಅಷ್ಟೂ ದಾರಿಗೆ ಬಿಲ್ಲು. ಬಲ್ಲವರು ಹನ್ನೊಂದು ಗಂಟೆಯ ಹೊತ್ತಿಗೆ ಯಾವುದಾದರೂ ಊರಿನ ಎಕ್ಸಿಟ್‌ನಲ್ಲಿ ಇಳಿದು, ಸೊನ್ನೆ ತೋರಿಸಿಕೊಂಡು, ಗಾಡಿ ತಿರುಗಿಸಿ ಮತ್ತೆ ಹತ್ತುತ್ತಾರೆ. ಆಮೇಲಿನ ತುಂಡಿಗಷ್ಟೇ ದುಡ್ಡು. ಉಪಾಯವೇನೋ ಸರಿ, ಆದರೆ ಬಲ್ಲವರೇ ಜಾಸ್ತಿಯಾಗಿ ಆ ಎಕ್ಸಿಟ್ಟೇ ಕಟ್ಟಿಕೊಳ್ಳುತ್ತದೆ. ಇಟಿಸಿ, ಅಂದರೆ ಅಲ್ಲಿನ ಫಾಸ್ಟ್ಯಾಗ್, ಇಲ್ಲದವರು ಸೊನ್ನೆ ಬಿಲ್ಲಿಗೂ ಗಾಡಿ ನಿಲ್ಲಿಸಿ, ಹತ್ತುವಾಗ ಪಡೆದ ಕಾರ್ಡು ವಾಪಸ್ ಕೊಡಬೇಕಲ್ಲ.

ದಕ್ಷಿಣ ಕೊರಿಯಾದವರಿಗೆ ಇಷ್ಟು ಜಾಣತನವಿಲ್ಲ. 2017ರ ಛುಸಕ್ ಹಬ್ಬದಿಂದ ಅಲ್ಲೂ ಮಾಫಿ ಇದೆ. ಅವಧಿ ಮುಗಿಯುವ ಮುನ್ನ ಹೆದ್ದಾರಿ ಹತ್ತಿದ್ದರೆ ಸಾಕು, ಇಳಿಯುವುದು ಮರುದಿನವಾದರೂ ಚಿಂತೆಯಿಲ್ಲ. ಹೀಗೆ ಮಾಡಿದರೆ ಕೊನೆಯ ರಾತ್ರಿಯ ರೋಮಾಂಚನ ಎಲ್ಲಿಂದ ಬರಬೇಕು?

ಚೀನಾದ ಪಟ್ಟಿಯಲ್ಲಿ ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಜಾಗವಿಲ್ಲ. ಆದರೆ ಹುಣ್ಣಿಮೆ ರಾಷ್ಟ್ರೀಯ ದಿನದ ರಜೆಗೆ ಅಂಟಿಕೊಂಡು ಬಂದರೆ ಅದಕ್ಕೂ ಮಾಫಿ. 2025ರಲ್ಲಿ ಅದು ಅಕ್ಟೋಬರ್ 6ಕ್ಕೆ ಬಂದು ಸಲೀಸಾಗಿ ಗೇಟು ದಾಟಿತು. 2024ರಲ್ಲಿ ಆತುರಪಟ್ಟು ಸೆಪ್ಟೆಂಬರ್ 17ಕ್ಕೇ ಬಂದಿದ್ದ ಚಂದ್ರನನ್ನು ನೋಡಲು ಹೋದವರೆಲ್ಲ ಟೋಲ್ ಕಟ್ಟಿದರು.