ಅಗೆಯುವ ಮುಂಚೆ ನೋಡುವ ಕೂಲಿ ಯಾರು ಕೊಡಬೇಕು?

ಮೆಲ್ಬರ್ನ್‌ನ ರಸ್ತೆ ಬದಿಯಲ್ಲಿ ನೆಲದಡಿಯ ಕೇಬಲ್, ಪೈಪು ಎಲ್ಲಿದೆ ಎಂದು ಮೊದಲೇ ನೋಡಲು ಸಣ್ಣ ಗುಂಡಿ ತೋಡಿ ಮಣ್ಣು ಹೀರುತ್ತಿದ್ದ ವ್ಯಾಕ್ಯೂಮ್ ಗಾಡಿಯ ವಿಡಿಯೊ ಕಳಿಸಿದರೆ ರಾಜಾಜಿನಗರದ ಪರಿಚಿತ ಕಾಂಟ್ರ್ಯಾಕ್ಟರ್ ಒಬ್ಬರಿಂದ ಬಂದ ಉತ್ತರ ಇಷ್ಟೇ: “ಏನ್ ಸಾರ್, ನಮ್ಮ ಹನಿಸಕ್ಕರ್‌ಗೇ ಬಣ್ಣ ಹೊಡೆದಿದ್ದಾರೆ.” ಸ್ವಲ್ಪ ಚುಚ್ಚಿತು. ಮರುದಿನ ಅವರೇ, “ನಾವೂ ಒಂದು ಇಟ್ಕೊಂಡ್ರೆ ಗಿಟ್ಟತ್ತಾ?” ಎಂದು ಕೇಳಿದರು. ಎರಡಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ವ್ಯತ್ಯಾಸ ಇರುವುದು ಪಂಪಿನಲ್ಲಿ. ಹನಿಸಕ್ಕರ್ ಅಂದರೆ ಶೌಚದ ಪಿಟ್ ಖಾಲಿ ಮಾಡುವ ಗಾಡಿ; ಅದರ ವೇನ್ ಪಂಪಿಗೆ ಎಳೆತ ಚೆನ್ನಾಗಿದೆ, ಆದರೆ ಅದು ಸಾಗಿಸುವ ಗಾಳಿ ಕಡಿಮೆ. ನೀರಿನಂಥದ್ದಕ್ಕೆ ಅಷ್ಟು ಸಾಕು. ಗ್ರಾವೆಲ್ಲು, ಇಟ್ಟಿಗೆ ಚೂರು, ಮಣ್ಣಿನ ಹೆಂಟೆ ಪೈಪಿನಲ್ಲಿ ಮೇಲೇರಬೇಕಾದರೆ ಗಾಳಿ ರಭಸದಿಂದ ಹರಿಯಬೇಕು. ಅದಕ್ಕೆ ಹೆಚ್ಚು ಗಾಳಿ ಸಾಗಿಸುವ ರೂಟ್ಸ್ ಬ್ಲೋವರ್ ಬೇಕು; ಸಣ್ಣ ಟ್ರೇಲರ್ ಗಾಡಿಯಲ್ಲೂ ನಿಮಿಷಕ್ಕೆ ಸುಮಾರು 500ರಿಂದ 1000 ಘನ ಅಡಿ ಗಾಳಿ, ಮೂರು-ನಾಲ್ಕು ಇಂಚಿನ ಹೋಸು. ಹನಿಸಕ್ಕರ್ ತಂದು ಗುಂಡಿ ತೋಡಲು ಹೊರಟವನಿಗೆ ಮೊದಲ ಎಲ್ಬೋದಲ್ಲೇ ಕಲ್ಲು ಕಚ್ಚಿಕೊಳ್ಳುತ್ತದೆ. ಉಳಿದ ಹೊತ್ತೆಲ್ಲ ಹೋಸು ಬಿಚ್ಚಿ ಬಡಿಯುವುದೇ ಕೆಲಸ.

ಕೆಲಸದ ಕ್ರಮ ಸರಳ. ಮೊದಲು ನೆಲದಡಿಯ ಕೇಬಲ್ ಪತ್ತೆ ಮಾಡುವ ಲೊಕೇಟರ್ ಹಿಡಿದು ಕೇಬಲ್ಲಿನ ಜಾಡು ಗುರುತು ಮಾಡಬೇಕು. ಡಾಂಬರನ್ನು ಈ ಗಾಡಿ ಕೊರೆಯುವುದಿಲ್ಲ, ಕಟರ್‌ನಿಂದ ಒಂದಡಿ ಚೌಕ ಕತ್ತರಿಸಿ ತೆಗೆಯಬೇಕು. ಆಮೇಲೆ ನೀರಿನ ಲ್ಯಾನ್ಸ್ (ರಭಸದಿಂದ ನೀರು ಚಿಮ್ಮಿಸುವ ಉದ್ದ ನಳಿಗೆ) ಮಣ್ಣು ಸಡಿಲಿಸುತ್ತಾ ಹೋದ ಹಾಗೆ ಪಕ್ಕದ ಹೋಸು ಹೀರುತ್ತದೆ. ಅನಾಹುತ ಆಗುವುದೂ ಇಲ್ಲೇ. ಪಂಪು 200 ಬಾರ್ ಒತ್ತಡ ಕೊಡುತ್ತದೆ ಎಂದು ಪೂರ್ತಿ ತಿರುಗಿಸಿಟ್ಟು ಒಂದೇ ಜಾಗಕ್ಕೆ ಹಿಡಿದರೆ ಕೇಬಲ್ಲಿನ ಹೊರಕವಚ ಸೀಳುತ್ತದೆ. ಅವತ್ತು ಏನೂ ಆಗುವುದಿಲ್ಲ, ಎಲ್ಲರೂ ಕಾಫಿ ಕುಡಿದು ಹೊರಡುತ್ತಾರೆ. ತೇವ ಒಳಗಿಳಿದು ಕೆಲವು ತಿಂಗಳ ಮೇಲೆ ಫಾಲ್ಟ್ ಬಂದಾಗ ಗುಂಡಿ ತೋಡಿದವನ ನೆನಪು ಯಾರಿಗೂ ಇರುವುದಿಲ್ಲ. ಆದ್ದರಿಂದ ಸುತ್ತುವ ನಾಝಲ್, ಕೇಬಲ್ ಹತ್ತಿರ ಬಂದ ಹಾಗೆ ಒತ್ತಡ ಅರ್ಧಕ್ಕೆ, ಲ್ಯಾನ್ಸ್ ಸದಾ ಆಡುತ್ತಿರಬೇಕು. ಲೈವ್ ಲೈನಿದ್ದರೆ ಇನ್ಸುಲೇಟೆಡ್ ಲ್ಯಾನ್ಸ್, ಗಾಡಿಗೆ ಅರ್ಥಿಂಗ್, ಆಪರೇಟರ್‌ಗೆ ಕರೆಂಟು ತಡೆಯುವ ಡೈಎಲೆಕ್ಟ್ರಿಕ್ ಬೂಟು. ಹೋಸಿನ ಬಾಯಿಗೆ ಕೈ ಸಿಕ್ಕಿಕೊಂಡರೆ ತಕ್ಷಣ ಎಳೆತ ಬಿಡಿಸುವ ವಾಲ್ವ್ ಇಲ್ಲದ ಗಾಡಿಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ನೀರಿನ ಬದಲು ಗಾಳಿಯ ಲ್ಯಾನ್ಸೂ ಇದೆ. ಕೇಬಲ್ಲಿಗೆ ಅಪಾಯ ಕಡಿಮೆ, ಒಣ ಮಣ್ಣನ್ನು ಮತ್ತೆ ಗುಂಡಿಗೇ ತುಂಬಬಹುದು. ಆದರೆ ಬೇಸಿಗೆಯಲ್ಲಿ ನಮ್ಮ ಕೆಂಪು ಮಣ್ಣು ಸುಟ್ಟ ಇಟ್ಟಿಗೆಯ ಹಾಗೆ ಕೂತಿರುತ್ತದೆ. ಗಾಳಿಗೆ ಅದು ಬೇಗ ಬಗ್ಗುವುದಿಲ್ಲ, ಎದ್ದ ದೂಳು ಫಿಲ್ಟರ್ ಕಟ್ಟುತ್ತದೆ.

ಯಂತ್ರದ ವಿಷಯ ಇಷ್ಟು. ನನ್ನ ತಕರಾರು ಇರುವುದು ಬಿಲ್ಲಿನಲ್ಲಿ. ಮೆಲ್ಬರ್ನ್‌ನಲ್ಲಿ ಅಗೆಯುವವರು ಮೊದಲು ‘ಬಿಫೋರ್ ಯು ಡಿಗ್ ಆಸ್ಟ್ರೇಲಿಯಾ’ ಎಂಬ ಸೇವೆಯಲ್ಲಿ ವಿಚಾರಿಸಿ ನೆಲದಡಿಯ ಲೈನುಗಳ ನಕ್ಷೆ ತರಿಸಿಕೊಳ್ಳುತ್ತಾರೆ. ಆದರೆ ನಕ್ಷೆಯನ್ನು ಯಾರೂ ನಂಬುವುದಿಲ್ಲ. ಅಲ್ಲಿನ ಎಎಸ್ 5488 ಮಾನದಂಡದ ಪ್ರಕಾರ ಬರೀ ಕಾಗದದ ಮಾಹಿತಿಗೆ ‘ಡಿ’ ದರ್ಜೆ. ಗುಂಡಿ ತೋಡಿ ಕಣ್ಣಾರೆ ಕಂಡು, ಅಳೆದು ಬರೆದುಕೊಂಡರೆ ಮಾತ್ರ ‘ಎ’. ಆ ‘ಎ’ ಬೇಕೆಂದು ಕೆಲಸ ಕೊಡುವವನೇ ಕೇಳುತ್ತಾನೆ, ಗಂಟೆಯ ಲೆಕ್ಕದಲ್ಲಿ ದುಡ್ಡೂ ಕೊಡುತ್ತಾನೆ. ಒಂದು ಗಾಡಿ, ಇಬ್ಬರು ಆಳು ಇಟ್ಟುಕೊಂಡು ಬರೀ ಗುಂಡಿ ತೋಡಿ ತೋರಿಸಿಯೇ ಸಂಸಾರ ನಡೆಸುವ ಸಣ್ಣ ಕಾಂಟ್ರ್ಯಾಕ್ಟರ್‌ಗಳು ಅಲ್ಲಿದ್ದಾರೆ.

ನಮ್ಮಲ್ಲಿ? ಎಸ್ಟಿಮೇಟಿನಲ್ಲಿ ಟ್ರೆಂಚಿಗೆ ಘನ ಮೀಟರ್ ಲೆಕ್ಕ ಇರುತ್ತದೆ. ಹೀಗೆ ನೋಡಲೆಂದೇ ತೋಡುವ ಟ್ರಯಲ್ ಪಿಟ್ ಇದ್ದರೂ ಅದರ ಖರ್ಚು ಕಾಂಟ್ರ್ಯಾಕ್ಟರನ ತಲೆನೋವು. ಕೇಬಲ್ ಹಾಕುವ ಭಾರತೀಯ ಮಾನದಂಡ ಐಎಸ್ 1255ರ ಪ್ರಕಾರ 11 ಕೆವಿ ಕೇಬಲ್ 0.9 ಮೀಟರ್ ಆಳದಲ್ಲಿರಬೇಕು. ಒಂದರ ಮೇಲೊಂದು ಡಾಂಬರು, ಆಮೇಲೆ ಕೆರೆದು ಕಾಂಕ್ರೀಟಿನ ವೈಟ್ ಟಾಪಿಂಗ್ ಆದ ರಸ್ತೆಯಲ್ಲಿ ಆ 0.9ನ್ನು ಎಲ್ಲಿಂದ ಅಳೆಯುವುದು? 2023ರ ಮಾರ್ಚ್‌ನಲ್ಲಿ ಕೇಂದ್ರದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಂತು, ಒಳ್ಳೆಯದೇ. ಅದು ಅಗೆಯುವವನಿಗೂ ಕೇಬಲ್ ಮಾಲೀಕನಿಗೂ ಸಂಪರ್ಕ ಮಾಡಿಸುತ್ತದೆ. ನೆಲದ ಮೇಲೆ ಬಣ್ಣದ ಗೆರೆ ಎಳೆಯುವುದಕ್ಕೆ ಮನುಷ್ಯನೇ ಬರಬೇಕು. ಅಷ್ಟರಲ್ಲಿ ಜೆಸಿಬಿ ಬಂದು ನಿಂತಿರುತ್ತದೆ, ಗಂಟೆಯ ಬಾಡಿಗೆ ಓಡುತ್ತಿರುತ್ತದೆ. “ಹೊಡಿ, ಏನಾದ್ರೂ ಸಿಕ್ರೆ ನೋಡ್ಕೊಳಣ.” ಕೇಬಲ್ ಹರಿದ ಮೇಲೆ ಜಾಯಿಂಟ್ ಕಿಟ್ಟಿಗೆ, ದಂಡಕ್ಕೆ, ರಾತ್ರಿ ಪಾಳಿಗೆ ದುಡ್ಡು ಹೊರಡುತ್ತದೆ. ಹರಿಯದ ಹಾಗೆ ನೋಡುವುದಕ್ಕೆ ಮಾತ್ರ ಯಾವ ಕಾಲಮ್ಮಿನಲ್ಲೂ ಜಾಗವಿಲ್ಲ. ಇದು ಬಡತನವಲ್ಲ, ಬರೀ ಉದಾಸೀನ.

ಇನ್ನು ಕೆಸರು. ಒಂದಡಿ ಚೌಕ, ಒಂದೂವರೆ ಮೀಟರ್ ಆಳದ ಗುಂಡಿಯಲ್ಲಿ ಮಣ್ಣು ಸುಮಾರು 0.135 ಘನ ಮೀಟರ್ ಮಾತ್ರ. 200–300 ಲೀಟರ್ ನೀರು ಸೇರಿದರೆ ಹೀರಿದ್ದು ಮೂರು ಪಟ್ಟು. 1,900 ಲೀಟರಿನ ಟ್ಯಾಂಕು ನಾಲ್ಕೈದು ಗುಂಡಿಗೆ ತುಂಬುತ್ತದೆ, ಕೆಸರಿನ ತೂಕವೇ ಎರಡೂವರೆ ಟನ್ನಿನ ಹತ್ತಿರ. ಅದನ್ನು ರಾತ್ರಿ ಹೋಗಿ ರಾಜಕಾಲುವೆಗೆ ಬಿಡುವ ಯೋಚನೆ ಇದ್ದರೆ ಈ ವ್ಯಾಪಾರವೇ ಬೇಡ. ಊರಾಚೆ ಒಂದು ಸೈಟಿನಷ್ಟು ಜಾಗದಲ್ಲಿ ಮರಳು ಹಾಸಿ ಒಣಗಿಸಿ, ಒಣ ಮಣ್ಣನ್ನು ಸಾಗಿಸಬೇಕು. ಆ ಬಾಡಿಗೆಯೂ ರೇಟಿನೊಳಗೇ ಬರಬೇಕು. ಗುಂಡಿ ಮುಚ್ಚಲು ಎಂ-ಸ್ಯಾಂಡ್, ಆರಾರು ಇಂಚಿಗೆ ದಮ್ಮಸು. ನೀರಿನ ಕಥೆ ಬೇರೆ: 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ಸಂಸ್ಕರಿಸಿದ ನೀರಿನ ಟ್ಯಾಂಕರೇ ದಾರಿ. ಪಂಪಿನ ಮುಂದೆ ಒಳ್ಳೆಯ ಫಿಲ್ಟರ್ ಇಲ್ಲದಿದ್ದರೆ ನಾಝಲ್ ಕಟ್ಟುತ್ತದೆ, ಸೀಲ್ ಹೋಗುತ್ತದೆ. ತುಂತುರು ಮುಖಕ್ಕೆ ಬರುವುದರಿಂದ ಆಪರೇಟರ್‌ಗೆ ಕನ್ನಡಕ, ಮಾಸ್ಕ್ ತಪ್ಪಿಸುವ ಹಾಗಿಲ್ಲ.

ಇಷ್ಟು ಬೈದ ಮೇಲೆ ಕೆಲವನ್ನು ಒಪ್ಪಿಕೊಳ್ಳಲೇಬೇಕು. ಮೆಲ್ಬರ್ನ್‌ನಲ್ಲಿ ಎಷ್ಟೋ ಪೈಪು, ಕೇಬಲ್ಲು ಮನೆ ಮುಂದಿನ ಹುಲ್ಲುಪಟ್ಟಿಯ ಕೆಳಗೇ ಇರುತ್ತವೆ, ಗಾಡಿ ನಿಲ್ಲಿಸಲು ಜಾಗವೂ ಇರುತ್ತದೆ. ಮಲ್ಲೇಶ್ವರದ ಕ್ರಾಸುಗಳಲ್ಲಿ ಗಾಡಿ ಆಚೆ ತುದಿಯಲ್ಲಿ ನಿಲ್ಲಿಸಿ ಮೂವತ್ತು ಮೀಟರ್ ಹೋಸು ಎಳೆದರೆ ಎಳೆತ ಸೊರಗುತ್ತದೆ. ನಮ್ಮ ಹಳೇ ರಸ್ತೆಗಳ ಅಡಿಯಲ್ಲಿ ಸೈಜುಗಲ್ಲಿನ ಸೋಲಿಂಗ್ ಇದೆ, ಅದು ನಾಲ್ಕಿಂಚಿನ ಹೋಸಿನಲ್ಲಿ ಹೋಗುವ ಸರಕಲ್ಲ. ಮೆಲ್ಬರ್ನ್‌ನ ಪಶ್ಚಿಮ ಭಾಗದಲ್ಲೂ ಬಸಾಲ್ಟ್ ಬಂಡೆ ಸಿಕ್ಕಾಗ ಅಲ್ಲಿನ ಗಾಡಿಗಳು ಹೀಗೇ ಕೈಚೆಲ್ಲುತ್ತವೆ. ಸೋಲಿಂಗ್ ಕಲ್ಲನ್ನು ಗಡಾರಿಯಲ್ಲಿ ಮೀಟಿ, ಕೆಳಗಿನ ಪೈಪಿಗೆ ತಾಗದಂತೆ ಎತ್ತಿಡುವ ರಾಯಚೂರು, ಯಾದಗಿರಿ ಕಡೆಯ ಆಳುಗಳ ಹದ ಯಾವ ಬ್ಲೋವರಿಗೂ ಇಲ್ಲ. ಏರಿಯಾದ ವಾಲ್ವ್‌ಮನ್ ನಿಂತಲ್ಲೇ ಕಾಲಲ್ಲಿ ತೋರಿಸುವ ಲೈನು ಎಷ್ಟೋ ಸಲ ಡ್ರಾಯಿಂಗಿಗಿಂತ ಸರಿ. ಇದನ್ನೂ ಬರೆಯದಿದ್ದರೆ ಮೋಸವಾಗುತ್ತದೆ.

ಹಾಗಾಗಿ ರಾಜಾಜಿನಗರದವರಿಗೆ: ಈಗಲೇ ಕೊಳ್ಳಬೇಡಿ. ರಸ್ತೆ ಅಗೆಯದೆ ನೆಲದಡಿ ಅಡ್ಡಕ್ಕೆ ಕೊರೆದು ಕೇಬಲ್ ಎಳೆಯುವ ಎಚ್‌ಡಿಡಿ ಕಾಂಟ್ರ್ಯಾಕ್ಟರ್‌ಗಳನ್ನು ಮೊದಲು ಕಾಣಿ. ಡ್ರಿಲ್ಲು ಹಳೇ ಲೈನನ್ನು ದಾಟುವ ಕಡೆಯಲ್ಲೆಲ್ಲ ಅವರಿಗೆ ಒಂದು ಗುಂಡಿ ಬೇಕೇ ಬೇಕು, ತಪ್ಪಿದರೆ ನಷ್ಟ ಅವರದೇ. ಗಾಡಿ ಬಾಡಿಗೆಗೆ ಸಿಕ್ಕರೆ ತನ್ನಿ, ಗಡಾರಿಯ ಇಬ್ಬರನ್ನು ಜೊತೆಗಿಟ್ಟುಕೊಳ್ಳಿ. ಕೊಟೇಶನ್ನಿನಲ್ಲಿ ಟ್ರಯಲ್ ಪಿಟ್ಟಿಗೆ ಬೇರೆ ಸಾಲು ಹಾಕಿ, ಒಂದೊಂದಕ್ಕೆ ಇಷ್ಟು ಎಂದು ಬರೆಯಿರಿ. ಆ ಸಾಲು ಹೊಡೆದುಹಾಕಿ ವಾಪಸ್ ಕಳಿಸುವವರ ಕೆಲಸಕ್ಕೆ ಜೆಸಿಬಿಯವನೇ ಹೋಗಲಿ.