ಬಕೆಟ್ ಹಿಡಿದದ್ದೇ ಅಪರಾಧವಾಯ್ತಾ?

ನನ್ನ ಫೋಟೋ ಇನ್ನೂ ಪುಣೆಯ ವಾಘೋಲಿಯ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲೇ ಇದೆ. ತೆಗೆಯಿರಿ ಅಂತ ಬೆಳಗ್ಗೆಯಿಂದ ಬರೆಯುತ್ತಿದ್ದೇನೆ, ನೀಲಿ ಟಿಕ್ ಬೀಳುತ್ತೆ, ಉತ್ತರ ಬರಲ್ಲ.

ಕ್ಲಬ್‌ಹೌಸಿನ ಶವರ್ ರೂಮಿನಿಂದ ಒಂದು ಬಕೆಟ್ ನೀರು. ಅಷ್ಟೇ! ನಮ್ಮ ವಿಂಗಿನ ನಳ ರಾತ್ರಿಯೇ ಒಣಗಿತ್ತು. ಟ್ಯಾಂಕರ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆಯಂತೆ. ಈಜುಕೊಳ ಮಾತ್ರ ಅಂಚಿನವರೆಗೂ ತುಂಬಿದೆ, ಗೇಟಿನ ಕಾರಂಜಿ ಕುಣಿಯುತ್ತಿದೆ. "ಈಜಾಕ ನೀರ ಅದ, ಕುಂಡಿ ತೊಳ್ಕೊಳ್ಳಾಕ ಇಲ್ಲೇನವಾ?" ಅಂದರು ಅತ್ತೆ. ಧಾರವಾಡದವರು, ಸುತ್ತಿಬಳಸಿ ಮಾತಾಡುವವರಲ್ಲ.

ಬಾಗಿಲು ದಾಟುವಾಗ ಸೆಕ್ಯುರಿಟಿಯವರು ಸೀಟಿ ಊದಿದರು. ಗಾಜಿನಾಚೆ ಟ್ರೆಡ್‌ಮಿಲ್ ಮೇಲಿದ್ದವರೆಲ್ಲ ತಿರುಗಿದರು. "ಮ್ಯಾಡಮ್, ಬಾದಲಿ ಅಲೌಡ್ ನಾಹೀ." ನನ್ನ ಹರಕು ಮರಾಠಿಯಲ್ಲಿ ಏನೋ ಹೇಳಿದೆ. ಯಾರೋ ನಕ್ಕರು. ಮ್ಯಾನೇಜರ್ ಬಂದರು. ಫ್ಲಾಟ್ ನಂಬರ್ ಕೇಳಿದರು. ಬಕೆಟ್ ಕೆಳಗಿಡಿ ಅಂದರು, ಇಟ್ಟೆ. ಯಾಕೆ ಇಟ್ಟೆನೋ! ಮೊಬೈಲ್ ತೆಗೆದು ಕ್ಲಿಕ್ ಅನ್ನಿಸಿದರು. ನೈಟಿ ಮೇಲೆ ದುಪಟ್ಟಾ, ಪಕ್ಕದಲ್ಲಿ ಕೆಂಪು ಬಕೆಟ್. ಆಮೇಲೆ ಆ ನೀರನ್ನು ನನ್ನ ಕಣ್ಣೆದುರೇ ಮೋರಿಗೆ ಸುರಿಸಿದರು. ಮೋರಿಗೆ! ಸೆಕ್ಯುರಿಟಿ ಹುಡುಗನಿಗೇ ಕೆಟ್ಟದೆನಿಸಿರಬೇಕು, ಖಾಲಿ ಬಕೆಟ್ ಒರೆಸಿ ಕೈಗೆ ಕೊಟ್ಟ. ಅಳು ಬಂದದ್ದು ಆಗಲೇ.

ಗೃಹಪ್ರವೇಶದ ದಿನ ಇದೇ ಕೊಳವನ್ನು ಸ್ಟೇಟಸ್‌ಗೆ ಹಾಕಿ ಊರವರಿಗೆಲ್ಲ ತೋರಿಸಿದ ಜಾಣೆ ನಾನೇ. ಈಗ ಕೊಳದ ಜೊತೆ ನಾನೂ ಫೇಮಸ್ ಆದೆ, 'ಅಮೆನಿಟಿಯ ದುರ್ಬಳಕೆ, ದಂಡ 500' ಅನ್ನೋ ಹೆಡ್ಡಿಂಗ್ ಸಮೇತ.

ಹೋಗಲಿ ಬಿಡು, ವಾಘೋಲಿಯಲ್ಲಿ ಯಾರ ಮನೆಗೆ ಟ್ಯಾಂಕರ್ ಬರಲ್ಲ ಅನ್ನುತ್ತಾರೆ ಇವರು. ಹೌದು, ಎಲ್ಲರ ಪಾಡೂ ಇದೇ. ಆದರೆ ಹೇಗೆ ಬಿಡೋದು? ಮಳೆಗಾಲದಲ್ಲಿ ಖಡಕವಾಸಲಾ ಅಣೆಕಟ್ಟಿನಿಂದ ಮುಠಾ ನದಿಗೆ ನೀರು ಬಿಟ್ಟಾಗ ಭಿಡೆ ಸೇತುವೆ ಮುಳುಗುತ್ತೆ. ಅದೇ ಪುಣೆಯಲ್ಲಿ ನಾವು ಟ್ಯಾಂಕರ್ ಹಾರ್ನ್‌ಗೆ ಕಿವಿ ಕೊಟ್ಟು ಕೂತಿದ್ದೇವೆ. ಮೇಂಟೆನೆನ್ಸ್ ತಿಂಗಳಿಗೆ 7,500 ದಾಟಿದೆ ಅಂತ ಇಡೀ ಮೊತ್ತಕ್ಕೆ ಶೇ 18 ಜಿಎಸ್‌ಟಿ ಬೇರೆ. ಸ್ಕ್ವಾಷ್ ಕೋರ್ಟಿದೆ, ಮಿನಿ ಥಿಯೇಟರಿದೆ, ಬರಿಗಾಲಲ್ಲಿ ನಡೆಯಲು ಬೆಣಚುಕಲ್ಲಿನ ದಾರಿಯೂ ಇದೆ. ಅತ್ತೆ ಸ್ನಾನಕ್ಕೆ ಅಲ್ಲಿಗೆ ಹೋಗಬೇಕಾ?

ಇಷ್ಟಕ್ಕೂ ದಂಡ ಹಾಕಿದ್ದು ಯಾರು? ಶೇ 51 ಫ್ಲಾಟ್ ಬುಕ್ ಆದ ಮೂರು ತಿಂಗಳೊಳಗೆ ಫ್ಲಾಟಿನವರ ಸೊಸೈಟಿ ರಚನೆಗೆ ಬಿಲ್ಡರ್ ಮುಂದಾಗಬೇಕು ಅಂತ ಮಹಾರಾಷ್ಟ್ರದ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯ ನಿಯಮ. ನಮ್ಮಲ್ಲಿ ಎಲ್ಲ ಫ್ಲಾಟೂ ತುಂಬಿವೆ, ಸೊಸೈಟಿಯ ಸುಳಿವಿಲ್ಲ. ನೀರಿನ ಲೆಕ್ಕ ಕೇಳಿದರೆ 'ಸೊಸೈಟಿ ಆಗಲಿ ಮ್ಯಾಡಮ್' ಅನ್ನೋ ಬಿಲ್ಡರ್ ಆಫೀಸು, ಸೊಸೈಟಿ ಇಲ್ಲದೆಯೇ ದಂಡ ಹೇಗೆ ಹಾಕಿತು? ಗ್ರೂಪಿನಲ್ಲಿ ಇಷ್ಟು ಜನ ಇದ್ದೀರಲ್ಲ, ಒಬ್ಬರಾದರೂ ಹೇಳಿ.

ಕಟ್ಟಲ್ಲ ನಾನು. ಕಟ್ಟದಿದ್ದರೆ ಕೆಲಸದ ಮಾವಶಿಯ ಗೇಟ್ ಪಾಸ್ ನಿಲ್ಲಿಸುತ್ತಾರೆ, ಗೊತ್ತು. ಸರಿ, ಕಟ್ಟುತ್ತೇನೆ. ಆದರೆ 'ಮೋರಿಗೆ ಸುರಿದ ಒಂದು ಬಕೆಟ್ ನೀರಿಗೆ' ಅಂತ ಬರೆದು, ಸೀಲು ಹಾಕಿ ರಸೀದಿ ಕೊಡಬೇಕು.