ನಮ್ಮ ಹೊಸ್ತಿಲು, ಅವರ ಮೊಬೈಲು

ದಾವಣಗೆರೆಯ ವಿನೋಬನಗರದ ಇಕ್ಕಟ್ಟಿನ ಅಡ್ಡರಸ್ತೆಯಲ್ಲಿ ಒಬ್ಬರು ಸಿಸಿಟಿವಿ ಹಾಕಿಸಿದರೆ ನಾಲ್ಕು ಮನೆಯವರ ಬದುಕು ಅದರೊಳಗೆ ಬೀಳುತ್ತದೆ. ಎದುರು ಮನೆಯ ಯಜಮಾನರ ಕ್ಯಾಮೆರಾಕ್ಕೆ ಅವರ ಗೇಟಿಗಿಂತ ನಮ್ಮ ಹೊಸ್ತಿಲ ಮೇಲೇ ಮೋಹ. "ರಾತ್ರಿ ತಡವಾಗಿ ಬಂದಿರಲ್ಲ, ಜೊತೆಗಿದ್ದವರು ಯಾರು?" ಎಂದು ಹಾಲಿನ ಅಂಗಡಿಯಲ್ಲಿ ಎಲ್ಲರ ಮುಂದೆ ಕೇಳುತ್ತಾರೆ. ಹೆಂಡತಿ ರಂಗೋಲಿ ಹಾಕುವುದು, ಮಗಳು ಸ್ಕೂಟರ್ ತೆಗೆಯುವುದು, ನಾನು ಮಂಡಕ್ಕಿ ಮಿರ್ಚಿಯ ಪೊಟ್ಟಣ ಬಚ್ಚಿಟ್ಟುಕೊಂಡು ಒಳಗೆ ಹೋಗುವುದು (ವೈದ್ಯರು ಕರಿದದ್ದು ಬೇಡವೆಂದಿದ್ದಾರೆ), ಎಲ್ಲವೂ ಅವರ ಮೊಬೈಲಿನಲ್ಲಿ.

ಕ್ಯಾಮೆರಾವೇ ಬೇಡವೆನ್ನುತ್ತಿಲ್ಲ. ಹೋದ ವರ್ಷ ಬೀದಿಯಲ್ಲಿ ಬೈಕ್ ಕಳುವಾದಾಗ ಪೊಲೀಸರಿಗೆ ನೆರವಾಗಿದ್ದು ಅದೇ. ಹೆಚ್ಚು ಜನ ಸೇರುವ ಜಾಗಗಳಿಗೆ 2017ರ ರಾಜ್ಯ ಸಾರ್ವಜನಿಕ ಸುರಕ್ಷತಾ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. 30 ದಿನಗಳ ದೃಶ್ಯ ಉಳಿಸಿಡಬೇಕು. ಅದೇ ವರ್ಷ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾತ್ರ, ವ್ಯಕ್ತಿಗಳ ಮನೆಬಳಕೆಗೆ ವಿನಾಯಿತಿ ಕೊಟ್ಟು ಕೈತೊಳೆದುಕೊಂಡಿದೆ.

"ಸ್ವಲ್ಪ ಕೆಳಗೆ ತಿರುಗಿಸಿ ಸ್ವಾಮಿ" ಎಂದರೆ, "ನಿಮಗೂ ಪುಕ್ಕಟೆ ಕಾವಲಲ್ಲವೇ?" ಎನ್ನುತ್ತಾರೆ. ತಪ್ಪು ಮಾಡದವರಿಗೆ ಭಯವೇಕೆ ಎಂಬ ಉಪದೇಶ ಬೇರೆ. ಹಾಗಾದರೆ ನಿಮ್ಮ ಜಗಲಿಯ ಕಡೆಗೇ ಇಡಿ ಎಂದೆ. ಅಂದಿನಿಂದ ಮಾತು ಬಿಟ್ಟಿದ್ದಾರೆ. ಕ್ಯಾಮೆರಾ ಮಾತ್ರ ಒಂದಿಂಚೂ ಕದಲಿಲ್ಲ.